ಹತ್ತರ ತನಕ ಜಪಾನಿ

ತಿಪ್ಪೇಸ್ವಾಮಿ ಸರ್ ಹತ್ತರ ತನಕ ಜಪಾನಿಯಲ್ಲಿ ಎಣಿಸುತ್ತಿದ್ದರು, ಹನ್ನೊಂದರಿಂದ ಕನ್ನಡದಲ್ಲಿ. ಇಚಿ, ನಿ, ಸಾನ್ ಎಂದು ಶುರುವಾದ ಗುದ್ದುಗಳು ಜೂ ಮುಗಿದ ಮೇಲೆ ಹನ್ನೊಂದು, ಹನ್ನೆರಡು ಎಂದು ಮುಂದುವರಿದು ಐವತ್ತಕ್ಕೆ ನಿಲ್ಲುತ್ತಿದ್ದವು. ಬೇರೆ ಕಡೆ ಕರಾಟೆ ಕಲಿತು ಬಂದವರು ನಗುತ್ತಿದ್ದರು. ಹತ್ತರ ಮೇಲಿನ ಅಂಕಿ ಅವರಿಗೆ ಬರುವುದಿಲ್ಲವೆಂದು ನಾನೂ ಬಹಳ ದಿನ ತಿಳಿದಿದ್ದೆ. ಕೇಳಿದಾಗ, ತಮ್ಮ ಗುರು ಹರಿಹರದ ಖಾದರ್ ಮಾಸ್ತರ್ ಹಾಗೇ ಕಲಿಸಿದ್ದು ಎಂದರು.

ಹಗಲು ಅವರದು ಹೊಲಿಗೆ ಯಂತ್ರದ ರಿಪೇರಿ. ಸಂಜೆ ದಾವಣಗೆರೆಯ ವಿನೋಬನಗರದ ಶಾಲೆಯೊಂದರ ಪ್ರಾರ್ಥನಾ ಹಾಲಿನಲ್ಲಿ ಕರಾಟೆ ತರಗತಿ. ನಮ್ಮ ಮೊಣಕೈ ಹಿಡಿದು ತಿದ್ದಿದರೆ ಬಿಳಿ ಬಟ್ಟೆಯ ಮೇಲೆ ಮೆಷಿನ್ ಎಣ್ಣೆಯ ಕಲೆ ಉಳಿಯುತ್ತಿತ್ತು. ಬೆಲ್ಟ್ ಪರೀಕ್ಷೆಗೆ ಕರಾಟೆಯ ಇತಿಹಾಸವನ್ನೂ ಓದಬೇಕಿತ್ತು. ಅದನ್ನು ಅವರು ನಮ್ಮನ್ನು ಮಂಡಿ ಬಗ್ಗಿಸಿ ನಿಲ್ಲಿಸಿಯೇ ಹೇಳಿಸುತ್ತಿದ್ದರು. ಆಯುಧ ಕಸಿದುಕೊಂಡಾಗ ಜಪಾನಿನ ಒಕಿನಾವಾ ದ್ವೀಪದ ರೈತರು ಬರಿಗೈಯ ಹೋರಾಟ ಕಟ್ಟಿದರು ಎಂಬ ಕಥೆಗೆ ಗಟ್ಟಿ ಆಧಾರವಿಲ್ಲವೆಂದು, ಇತಿಹಾಸದಲ್ಲಿ ಎಂ.ಎ. ಮಾಡಿದ್ದ ನಾನು ಒಮ್ಮೆ ಹೇಳಿದೆ.

"ಮೊದ್ಲು ಮಂಡಿ ಬಗ್ಸವ್ವಾ. ಆಧಾರ ಆಮೇಲೆ ಹುಡುಕೋಣಂತೆ" ಎಂದರು. ಮರುವಾರದಿಂದ ಆ ಕಥೆಯ ಕೊನೆಗೆ 'ಅಂತಾರೆ' ಎಂದು ಸೇರಿಸತೊಡಗಿದರು.

ಕಳೆದ ವರ್ಷ ನಮ್ಮ ಕರಾಟೆ ಸಂಘ ಹೊಸ ನಿಯಮ ಮಾಡಿತು. ಕಪ್ಪು ಬೆಲ್ಟಿನ ಮೂರನೇ ದರ್ಜೆ ಇಲ್ಲದವರು ಇನ್ನು ತರಗತಿ ನಡೆಸುವಂತಿಲ್ಲ. ಸರ್ ಎರಡನೆಯದರಲ್ಲಿದ್ದರು. ಒದೆತ, ಗುದ್ದುಗಳ ಚಿಂತೆ ಅವರಿಗಿರಲಿಲ್ಲ, ಬರೆಯುವ ಪರೀಕ್ಷೆಯದು ಇತ್ತು. ಅವರ ಪರೀಕ್ಷೆಯ ದಿನವೇ ಹುಬ್ಬಳ್ಳಿಯಲ್ಲಿ ನನ್ನ ಕಪ್ಪು ಬೆಲ್ಟಿನ ಪರೀಕ್ಷೆಯೂ ಇತ್ತು. ನಿನಗೆ ಓದಿ ರೂಢಿ ಇದೆ, ನನಗೂ ಒಂದಿಷ್ಟು ಹೇಳಿಕೊಡು ಎಂದು ಕೇಳಿದರು. ಎರಡು ತಿಂಗಳು ಪ್ರತಿ ಭಾನುವಾರ ನಾನು ಕುರ್ಚಿಯಲ್ಲಿ ಕೂತು ಪ್ರಶ್ನೆ ಓದಿದೆ. ಅವರು ಮಂಡಿ ಬಗ್ಗಿಸಿ ನಿಂತು ಉತ್ತರಿಸಿದರು.

ಒಂದೇ ಪ್ರಶ್ನೆ ತೊಡಕಾಯಿತು. ಈ ಶೈಲಿಯನ್ನು ನಮ್ಮ ಸೀಮೆಗೆ ತಂದವರು ಯಾರು? ಸಂಘದ ಪುಸ್ತಕದಲ್ಲಿ ಸ್ಥಾಪಕರ ಹೆಸರಿತ್ತು. ಅದಕ್ಕೂ ಮೊದಲೇ ಖಾದರ್ ಮಾಸ್ತರ್ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಹೊಳೆಯ ಮರಳಿನಲ್ಲಿ ಹುಡುಗರಿಗೆ ಕಲಿಸುತ್ತಿದ್ದರು ಎಂದು ಸರ್ ಹೇಳಿದರು. ಫೋಟೊ, ಕಾಗದ, ಏನಾದರೂ ಇದೆಯೇ ಎಂದು ಕೇಳಿದೆ. ಇರಲಿಲ್ಲ. ಪರಂಪರೆಯ ಆ ಪ್ರಶ್ನೆ ತಪ್ಪಿದರೆ ಉಳಿದ ಉತ್ತರಗಳನ್ನು ತಿದ್ದುವುದೇ ಇಲ್ಲ, ಪುಸ್ತಕದಲ್ಲಿ ಇರುವುದನ್ನೇ ಬರೆಯಿರಿ ಎಂದೆ. ಆಯಿತೆಂದು ತಲೆಯಾಡಿಸಿದರು.

ಹುಬ್ಬಳ್ಳಿಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಬರೆದೆವು. ಸಂಜೆ ಫಲಿತಾಂಶ ಅಂಟಿಸಿದರು. ನನ್ನ ಹೆಸರಿತ್ತು, ಅವರದಿರಲಿಲ್ಲ.

ವಾಪಸು ಬರುವ ರೈಲಿನಲ್ಲಿ ರಾಣೆಬೆನ್ನೂರು ದಾಟಿದ ಮೇಲೆ ಅವರೇ ಹೇಳಿದರು: "ಪುಸ್ತಕದ್ದ ಬರೀಬೇಕು ಅಂತ್ಲೇ ಕುಂತಿದ್ದೆ. ಕೈ ಬರ್ಲಿಲ್ಲ ನೋಡು."

ನಾನು ಏನು ಬರೆದೆ ಎಂದು ಕೇಳಿದರು. ಪುಸ್ತಕದಲ್ಲಿದ್ದದ್ದು ಎಂದೆ.

"ಸರಿಯಾಗೇ ಬರ್ದೀ ಬಿಡು. ನೀನು ನಮ್ಮ ಮಾಸ್ತರನ್ನ ನೋಡಿಲ್ಲ."

ಅದು ಚುಚ್ಚುಮಾತಾಗಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿಯ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂದು ನಾನು ಓದಿದ್ದೆ. ಅವರು ಓದದೆ ತಿಳಿದಿದ್ದರು. ಹರಿಹರ ಬಂದಾಗ, ಮಾಸ್ತರರ ಮನೆಯವರನ್ನು ಮಾತಾಡಿಸಿ ಬರುತ್ತೇನೆ, ದಾವಣಗೆರೆಯಲ್ಲಿ ಆಟೊದವರು ಹೆಚ್ಚಿಗೆ ಕೇಳಿದರೆ ಕೊಡಬೇಡ ಎಂದು ಹೇಳಿ ಇಳಿದರು. ಅವರ ಚೀಲದ ಬಾಯಿಂದ ಹಳೆಯ ಬೆಲ್ಟಿನ ತುದಿ ಇಣುಕುತ್ತಿತ್ತು. ಆಮೇಲೆ ನಾನು ಅವರನ್ನು ನೋಡಿಲ್ಲ.

ಕಲಿಸುವವರಿಲ್ಲದೆ ವಿನೋಬನಗರದ ಹಾಲಿಗೆ ಸಂಜೆ ಹೊತ್ತು ಬೀಗ ಬಿತ್ತು. ಈಗ ನಾನು ನಿಜಲಿಂಗಪ್ಪ ಬಡಾವಣೆಯ ತರಗತಿಗೆ ಹೋಗುತ್ತೇನೆ. ಅಲ್ಲಿಯ ಮಾಸ್ತರರು ಹತ್ತಾದ ಮೇಲೆ ಮತ್ತೆ ಇಚಿಗೆ ಬರುತ್ತಾರೆ. ಎಲ್ಲರೂ ಗಟ್ಟಿಯಾಗಿ ಇಚಿ ಎನ್ನುವಾಗ ನಾನು ಮನಸ್ಸಿನಲ್ಲೇ ಹನ್ನೊಂದು ಎಂದುಕೊಂಡು ಗುದ್ದುತ್ತೇನೆ.