ಬದಲಾಗದ ಹುಳಕ್ಕ ಹೊಸಾ ಎಣ್ಣಿ

ಬೆಳಿಗೆ ಬಿದ್ದ ಹುಳಕ್ಕ ಹೊಡಿಯೂ ಎಣ್ಣಿ ಮಾಡೂ ಕಂಪನಿಯೊಂದರಾಗ ಮಾರಾಟದ್ದು ನನ್ನ ನೌಕರಿ. ಒಮ್ಮೆ ಮುಂಡರಗಿಯ ಒಂದು ಗೊಬ್ಬರದ ಅಂಗಡ್ಯಾಗ ಕುಂತಿದ್ದೆ. ಹಮ್ಮಿಗಿ ಕಡೆಯ ಸಾಹುಕಾರರೊಬ್ಬರು ಬಂದು, ಚಾ ಬರೂದರೊಳಗ ವಿಕಾಸವಾದಾನ ಮಣ್ಣು ಮಾಡಿಬಿಟ್ರು.

“ಮಂಗ್ಯಾ ಹೋಗಿ ಮನಷ್ಯಾ ಆದನಂತ. ವಿಜ್ಞಾನದವ್ರಿಗೆ ನಾಚಿಕಿ ಬ್ಯಾಡೇನ್ರಿ? ಬಡಿಗ್ಯಾ ಇಲ್ಲದ ಬೀಜಾ ಬಿತ್ತೂ ಒಂದು ಕೂರಿಗಿ ತಾನಽ ಆಗತೈತೇನು? ಜೀವಕ್ಕೂ ಒಬ್ಬ ಮಾಡಿದಾಂವ ಅದಾನ. ಅಂವ ಹೆಂಗ ಮಾಡ್ಯಾನೋ ಹಂಗಽ ಇರ್ತಾವ, ಎಳ್ಳಷ್ಟೂ ಬದಲಾಗೂದಿಲ್ಲ.”

ಕೂರಿಗಿ ತತ್ತಿ ಇಡೂದಿಲ್ಲ, ಹುಳ ಇಡ್ತಾವ ಅನ್ನೂ ಮಾತು ನನ್ನ ನಾಲಿಗಿ ತುದಿಗೆ ಬಂದಿತ್ತು. ಅಂಗಡಿಯವರು ನನ್ನತ್ತ ಕಣ್ಣು ಬಿಟ್ರು. ಅವರಿಗೆ ಈ ಸಾಹುಕಾರರಿಗಿಂತ ದೊಡ್ಡ ಗಿರಾಕಿ ಇಲ್ಲ. ನುಂಗಿಕೊಂಡೆ.

ಭಾಷಣ ಮುಗದ ಮ್ಯಾಲ ಸಾಹುಕಾರರು ವ್ಯಾಪಾರಕ್ಕ ಇಳದ್ರು. “ತೊಗರಿಗೆ ಹೊಸಾ ಎಣ್ಣಿ ಕೊಡ್ರಿ. ಹಳೇದಕ್ಕ ಹುಳ ಜಗ್ಗವಲ್ಲವು. ಮೊದಲ ಒಂದ ಸಲ ಹೊಡದ್ರ ಉದುರತಿದ್ವು. ಈಗಿನವು ಅದರಾಗ ಜಳಕಾ ಮಾಡ್ತಾವ.”

ಇನ್ನ ತಡಿಯಾಕ ಆಗಲಿಲ್ಲ. ಹಳೇ ಡಬ್ಬಿನಽ ಅವರ ಮುಂದ ಇಟ್ಟೆ. “ಇದನ್ನಽ ಒಯ್ರಿ. ಹುಳ ಬದಲಾಗೂದಿಲ್ಲಂತ ಈಗರೆ ನೀವಽ ಹೇಳಿದ್ರೆಲ್ಲ. ಆವಾಗ ಸತ್ತದ್ದು ಈಗೂ ಸಾಯಬೇಕು.”

ಅಂಗಡಿಯವರು ಕೆಮ್ಮಿದ್ರು. ಸಾಹುಕಾರರು ಚಾದ ಕಪ್ಪು ಕೆಳಗಿಟ್ಟು, “ಹಂಗಾದ್ರ ನಿಮ್ಮ ಎಣ್ಣಿನಽ ಕಲಬೆರಕಿ” ಅಂದ್ರು. ಆಮ್ಯಾಲ ಅದಽ ಕಲಬೆರಕಿ ಕಂಪನಿಯ ಹೊಸಾ ಎಣ್ಣಿ ಚೀಲಕ್ಕ ಹಾಕಿಸಿಕೊಂಡ್ರು. ಬಾಗಲದಾಗ ನಿಂತು ಮತ್ತ ಕೇಳಿದ್ರು: “ಇದಕ್ಕ ಹುಳ ಒಗ್ಗಿಕೊಳ್ಳಾಕ ಎಷ್ಟ ವರ್ಷ ಹಿಡಿತೈತ್ರಿ?”

ಅವರ ಮಾತನ್ನ ನಾನು ಪೂರಾ ಸುಳ್ಳು ಅನ್ನೂದಿಲ್ಲ. ಹುಳ ಬದಲಾಗ್ಯಾವ. ಸಾಹುಕಾರರು ಮಾತ್ರ, ಮಾಡಿದಾಂವ ಹೆಂಗ ಮಾಡಿದ್ನೋ ಹಂಗಽ ಅದಾರ.