ಡೆಲ್ಮಾರನ ಸೀಮೆಸುಣ್ಣ
ಶನಿವಾರ ಬೆಳಿಗ್ಗೆ ನಮ್ಮ ಮೋಆಬ್ ಊರಿನಲ್ಲಿ ಯಾರ ಮನೆ ಮುಂದೆ ಗಾಡಿಯಡಿಯಿಂದ ಎರಡು ಬೂಟುಗಾಲು ಚಾಚಿಕೊಂಡಿವೆಯೋ, ಅದೇ ಡೆಲ್ಮಾರನ ಮನೆ. ಬಂಡೆ ಹತ್ತುವ ಅವನ ಫೋರ್ ವೀಲ್ ಡ್ರೈವ್ ಗಾಡಿಗೆ ಕಂಪನಿ ಕೊಟ್ಟ ಟೈರುಗಳನ್ನು ಅವನು ಡೋನಟ್ಟುಗಳೆಂದು ಹೀಯಾಳಿಸಿ ಕಿತ್ತೆಸೆದಿದ್ದಾನೆ. ಈಗ ಬಂದಿರುವುದು ಮೂವತ್ತಮೂರು ಇಂಚಿನವು. ದೊಡ್ಡ ಟೈರು ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆಂದು ಎಲ್ಲರಿಗೂ ಗೊತ್ತು. ಎಲ್ಲಿ ಉಜ್ಜುತ್ತದೆಂದು ಡೆಲ್ಮಾರನಿಗೆ ಮಾತ್ರ ಗೊತ್ತು. ಟೈರಿನ ಅಂಚಿಗೆಲ್ಲ ಸೀಮೆಸುಣ್ಣ ಬಳಿದು, ಮುಂದಿನ ಒಂದು ಚಕ್ರವನ್ನು ಬಂಡೆಯ ಮೇಲೆ ಹತ್ತಿಸಿ, ದಾರಿಯಲ್ಲಿ ಹೋಗುವವರನ್ನು ಹಿಡಿದು ಸ್ಟೇರಿಂಗ್ ಮುಂದೆ ಕೂರಿಸುತ್ತಾನೆ. "ಪೂರ್ತಿ ಎಡಕ್ಕೆ ತಿರುಗ್ಸು ಮಾರಾಯಾ! ಇನ್ನೂ! ಹಾಂ, ಬಿತ್ತು ನೋಡು ಬಿಳಿ ಗೀಟು!" ಎಂದು ಲಾಟರಿ ಹೊಡೆದವನಂತೆ ಕುಣಿದು, ಗೀಟು ಬಿದ್ದಷ್ಟು ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಹೆರೆದುಬಿಡುತ್ತಾನೆ. ಒಮ್ಮೆ ಅಂಚೆಯವನೇ ಕೈಗೆ ಸಿಕ್ಕಿ, ನಮ್ಮ ಬೀದಿಯ ಕಾಗದಗಳೆಲ್ಲ ಸಂಜೆ ಬಂದವು. "ಎಪ್ಪತ್ತಾಯ್ತಲ್ಲೋ, ಇನ್ನೂ ಯಾಕೋ ಈ ಹುಚ್ಚು?" ಎಂದು ಕಳೆದ ಶನಿವಾರ ಕೇಳಿಯೇಬಿಟ್ಟೆ. ಅವನು ನನ್ನನ್ನು ಗಾಡಿಯ ಆಚೆ ಬದಿಗೆ ಕರೆದೊಯ್ದ. ಅಲ್ಲಿ ಬಾಗಿಲ ಕೆಳಗೆ ಅವನೇ ಮಾಡಿದ ಮರದ ಮೆಟ್ಟಿಲಿತ್ತು, ಕಾಲಿನ ಜೊತೆ ಊರುಗೋಲಿಗೂ ಜಾಗವಿರುವಷ್ಟು ಅಗಲವಾಗಿ. ಮೊಣಕಾಲು ಕೈಕೊಡುವ ತನಕ ಪ್ರತಿ ವಸಂತದಲ್ಲೂ ಊರಾಚೆಯ ಕೆಂಪು ಬಂಡೆಗುಡ್ಡವನ್ನು ನಡೆದೇ ಹತ್ತುತ್ತಿದ್ದ ಅವನ ಹೆಂಡತಿ ಲರೂ ಆಗಲೇ ಸೀಟಿನಲ್ಲಿ ಕೂತಿದ್ದಳು, ಟೋಪಿ ಹಾಕಿಕೊಂಡು. "ಈಗ್ಲೂ ಟೈರು ಉಜ್ಜುತ್ತೇನೋ, ಡೆಲ್ಮಾರ್?" ಎಂದಳು. "ಎಲ್ಲೂ ಇಲ್ಲ ಕಣೇ," ಎಂದ ಅವನು, ಬಿಳಿಯಾದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ. "ಹಾಗಾದ್ರೆ ಬೇಗ ಹತ್ತೋ, ಎರಡು ವರ್ಷದಿಂದ ಆ ಗುಡ್ಡಕ್ಕೆ ಕಾಯ್ತಾ ಇದೀನಿ!"