ಹೂವಿಲ್ಲದ ಬೊಕೆ

ಕಳೆದ ವಾರ ಮಗಳ ಶಾಲೆಯಿಂದ ನನಗೆ ಬುಲಾವ್ ಬಂತು. ಕ್ಯಾಲೆಂಡರ್‌ನಲ್ಲಿ (ಗೋಡೆಗೆ ತೂಗುಹಾಕುವುದಲ್ಲ, ಇಲ್ಲಿನ ಕಾನ್ವೆಂಟುಗಳಲ್ಲಿ ಮಕ್ಕಳ ಅಪರಾಧಗಳನ್ನು ಬರೆದು ಕಳಿಸುವ ಪುಸ್ತಕಕ್ಕೆ ಹಾಗೆನ್ನುತ್ತಾರೆ) ಕೆಂಪು ಶಾಯಿಯ ಒಂದೇ ಸಾಲು: ತಂದೆ ಬಂದು ಪ್ರಿನ್ಸಿಪಾಲರನ್ನು ಕಾಣಬೇಕು.

ಎಂಟನೇ ಕ್ಲಾಸಿನ ವೀಣಾ ಹದಿನೈದು ದಿನದ ಹಿಂದಷ್ಟೇ ಮಾನಿಟರ್ ಆಗಿದ್ದಳು. ನೀಲಿ ಬ್ಯಾಡ್ಜನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವ ಹುಡುಗಿ. ಅಂಥವಳು ಏನು ಮಾಡಿರಬಹುದು? ಅರ್ಧ ದಿನ ರಜೆ ಹಾಕಿ ಹೊರಟೆ. ಗೋರೆಗಾಂವ್‌ನ ಆ ಶಾಲೆಯ ಗೇಟು ದಾಟಿದರೆ ಸಾಕು, ನನ್ನಂಥ ನಲವತ್ತರ ಗಂಡಸೂ ಉಗುರು ಕತ್ತರಿಸಿದ್ದೇನೋ ಇಲ್ಲವೋ ಎಂದು ನೋಡಿಕೊಳ್ಳುತ್ತಾನೆ.

ಪ್ರಿನ್ಸಿಪಾಲ್ ಸಿಸ್ಟರ್ ಮಂಗಳೂರಿನ ಕಡೆಯವರು. ಮೇಜಿನ ಮೇಲೊಂದು ದೊಡ್ಡ ಕಾರ್ಡು. ಅವರ ಹೆಸರಿನ ಸಂತರ ಹಬ್ಬಕ್ಕೆ ಮಕ್ಕಳು ಕೊಟ್ಟ ‘ಸ್ಪಿರಿಚುಯಲ್ ಬೊಕೆ’. ಅದರಲ್ಲಿ ಹೂವಿರುವುದಿಲ್ಲ. ಸಿಸ್ಟರ್‌ಗಾಗಿ ಯಾರು ಎಷ್ಟು ಪ್ರಾರ್ಥನೆ ಮಾಡಿದರು ಎಂಬ ಪಟ್ಟಿ ಇರುತ್ತದೆ. ಫಿಲೋಮಿನಾ, ಐವತ್ತು ರೋಸರಿ ಜಪ. ಜೆಸಿಂತಾ, ಚರ್ಚಿನಲ್ಲಿ ಇಪ್ಪತ್ತು ಮಾಸ್ ಪೂಜೆ. ಅದರ ಕೆಳಗೆ ನಮ್ಮ ವೀಣಾ: ಗಣಪತಿಗೆ ನೂರೆಂಟು ಪ್ರದಕ್ಷಿಣೆ, ಐದು ಶನಿವಾರ ಉಪವಾಸ!

“ಮಗುವಿಗೆ ನನ್ನ ಮೇಲೆ ಇಷ್ಟು ಪ್ರೀತಿ ಉಂಟಲ್ಲ,” ಎಂದು ಸಿಸ್ಟರ್ ಕಣ್ಣೊರೆಸಿಕೊಂಡರು. “ಆದ್ರೆ ಬೆಳೆಯುವ ಮಕ್ಕಳಿಗೆ ಉಪವಾಸ ಎಲ್ಲ ಯಾಕೆ ಮಾರಾಯ್ರೆ? ತಲೆ ತಿರುಗಿ ಬಿದ್ರೆ? ನಿಲ್ಲಿಸ್ಲಿಕ್ಕೆ ಹೇಳಿ.”

ತಲೆಯಾಡಿಸಿದೆ. ಹಿಂದಿನ ಶನಿವಾರ ಅವಳು ನನ್ನ ಪಾಲಿನ ದೋಸೆಯನ್ನೂ ತಿಂದು ಮುಗಿಸಿದ್ದು ಚೆನ್ನಾಗಿ ನೆನಪಿತ್ತು.

ಸಂಜೆ ಮನೆಯಲ್ಲಿ ವಿಚಾರಣೆ.

“ಎಲ್ರೂ ದೊಡ್ಡ ದೊಡ್ಡ ನಂಬರ್ ಬರೀತಿದ್ರು ಅಪ್ಪಾ. ಮಾನಿಟರ್ ಆಗಿ ನಾನು ಝೀರೋ ಬರೀಲಾ?” ವೀಣಾ ಅಳತೊಡಗಿದಳು. “ಸಚ್ ಹೇಳಿದ್ರೆ ಬ್ಯಾಡ್ಜ್ ಹೋಗತ್ತೆ!”

“ಹೋದ್ರೆ ಹೋಗ್ಲಿ,” ಎಂದಳು ನನ್ನ ಹೆಂಡತಿ ಸರೋಜ. “ಆ ತಾಯಿ ನಿನಗೋಸ್ಕರ ಕಣ್ಣೀರು ಹಾಕಿದಾರಲ್ಲೇ. ನಾಳೆ ನೀನೇ ಹೋಗಿ ಹೇಳು.”

ನಾನೋ, ಕಾಲೊನಿಯ ಗಣಪತಿ ಗುಡಿ ಚಿಕ್ಕದು, ಇವತ್ತೇ ಗುಟ್ಟಾಗಿ ನೂರೆಂಟು ಸುತ್ತು ಹಾಕಿಸಿಬಿಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದೆ. (ಸರೋಜಳಿಗೆ ಹೇಳಲಿಲ್ಲ.)

ಮರುದಿನ ವೀಣಾ ಹೋಗಿ ಎಲ್ಲ ಹೇಳಿದಳು. ಸಿಸ್ಟರ್ ಬೈಯಲಿಲ್ಲ. ಬ್ಯಾಡ್ಜ್ ಬಿಚ್ಚಿಕೊಂಡು, ಅವಳನ್ನು ಕರೆದುಕೊಂಡು ನೇರ ಕ್ಲಾಸಿಗೆ ಬಂದರು. ಕಾರ್ಡನ್ನು ಎತ್ತಿ ಹಿಡಿದು ಹೇಳಿದರಂತೆ: “ಇದರಲ್ಲಿ ಬರೆದಷ್ಟನ್ನೂ ನಿಜವಾಗಿ ಮಾಡಿದವರು ಎದ್ದು ನಿಲ್ಲಿ. ಈ ಬ್ಯಾಡ್ಜ್ ಅವರಿಗೆ.”

ಜೆಸಿಂತಾ ಕಿಟಕಿಯ ಕಡೆ ನೋಡಿದಳು. ಫಿಲೋಮಿನಾಳ ಪೆನ್ಸಿಲ್ ಬಿತ್ತು, ಹುಡುಕಲು ಬಹಳ ಹೊತ್ತು ಹಿಡಿಯಿತು. ಒಬ್ಬಳೂ ಏಳಲಿಲ್ಲ. ಸಿಸ್ಟರ್ ನಿಟ್ಟುಸಿರು ಬಿಟ್ಟು, ಬ್ಯಾಡ್ಜನ್ನು ಮತ್ತೆ ವೀಣಾಳಿಗೇ ಚುಚ್ಚಿದರು.

ರಾತ್ರಿ ಊಟದ ಹೊತ್ತಿಗೆ ವೀಣಾಳ ಬಾಯಿಂದ ಇದನ್ನು ಕೇಳಿ ಹೊಟ್ಟೆ ತುಂಬ ನಕ್ಕೆ. ಆಮೇಲೆ, ಮೈಸೂರಿನಲ್ಲಿರುವ ಅಕ್ಕನಿಗೆ ನಾನು ಬರೆಯುವ ಇನ್‌ಲ್ಯಾಂಡ್ ಲೆಟರುಗಳು ನೆನಪಾದವು. ‘ದಿನವೂ ದೇವರಲ್ಲಿ ನಿನ್ನ ಆರೋಗ್ಯವನ್ನೇ ಬೇಡಿಕೊಳ್ಳುತ್ತೇನೆ’ ಎಂಬ ಸಾಲಿಲ್ಲದೆ ಒಂದನ್ನೂ ಮುಗಿಸಿದವನಲ್ಲ. ಸಿಸ್ಟರ್ ನಮ್ಮ ಮನೆಗೇ ಬಂದು ಆ ಮಾತನ್ನೇ ಹೇಳಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೇ?

ನೀವು?